ಮೋರಿ ಡಾಕ್ಟರ ಹನ್ನೆರಡು ದಿನ

ಕಟ್ಟಿಕೊಂಡ ಮೋರಿ ಬಿಡಿಸಲು ಹೋದಾಗ ಅವನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಎಷ್ಟು ದಿನ ಆಯ್ತು?" ಮನೆಯವರ ಉತ್ತರವೂ ಒಂದೇ: "ನಿನ್ನೆಯಿಂದ." ಇಡೀ ಮನೆ ಗಬ್ಬು ನಾರುತ್ತಿದ್ದರೂ, ಬಚ್ಚಲಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೂ ನಿನ್ನೆಯಿಂದ! ಅವನು ಮರುಮಾತಾಡದೆ ಪ್ಯಾಂಟು ಮಡಚಿ, ನೆಲಕ್ಕೆ ಕಿವಿಯಿಟ್ಟು, ಪೈಪನ್ನು ಎರಡು ಸಲ ಕುಟ್ಟಿ, "ಹತ್ತು ದಿನದ ಮಾಲು" ಎನ್ನುತ್ತಿದ್ದ. ಹತ್ತೇ ಆಗಿರುತ್ತಿತ್ತು. ಬೀದಿಯವರು ಅವನಿಗೆ ಮೋರಿ ಡಾಕ್ಟ್ರು ಎಂದು ಹೆಸರಿಟ್ಟಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು; ಅವನಿಗೆ ಮಾತ್ರ ಒಳಗೊಳಗೇ ಹೆಮ್ಮೆ.

ಕೆಲಸ ಮುಗಿದ ಮೇಲೆ ಕೈ ತೊಳೆಯುವುದು ಅಂಗಳದ ನಲ್ಲಿಯಲ್ಲಿ. ನಲವತ್ತು ವರ್ಷದಲ್ಲಿ ಒಬ್ಬರೂ ಒಳಗೆ ಕರೆದು ಸೋಪು ಕೊಟ್ಟವರಲ್ಲ. ಅದು ಎಷ್ಟು ರೂಢಿಯಾಗಿ ಹೋಗಿತ್ತೆಂದರೆ ತನ್ನ ಮನೆಗೆ ಬಂದರೂ ಹೊರಗಿನ ನಲ್ಲಿಯಲ್ಲೇ ತೊಳೆದು ಒಳಗೆ ಬರುತ್ತಿದ್ದ.

ಅರವತ್ತೆರಡನೆಯ ವಯಸ್ಸಿಗೆ ಕ್ಯಾನ್ಸರ್ ಬಂತು, ಬಂದದ್ದು ಸೊಂಟದ ಮೂಳೆಗೆ ಇಳಿಯಿತು. ಆ ನೋವನ್ನು ನಾನು ಬರೆದು ತಿಳಿಸಲಾರೆ. ಮಗ್ಗುಲು ಬದಲಿಸುವಾಗ ಅವನು ದಿಂಬಿನ ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ, ದಿಂಬಿನ ಹೊಲಿಗೆ ಬಿಚ್ಚಿ ಹೋಗಿತ್ತು. ಕೊನೆಗೆ ಆಸ್ಪತ್ರೆಯವರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಎರಡನೆಯ ದಿನ ಮಧ್ಯಾಹ್ನ ಅವನು ತಾನೇ ಎದ್ದು ಕುರ್ಚಿಯಲ್ಲಿ ಕೂತು ಪೇಪರು ಓದಿದ. ಹೆಂಡತಿ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ವಾರಕ್ಕೊಮ್ಮೆ ಆಸ್ಪತ್ರೆಯಿಂದ ಮನೆಗೇ ಒಬ್ಬ ನರ್ಸ್ ಬರುತ್ತಿದ್ದಳು. ಗಟ್ಟಿ ದನಿಯ, ಗಟ್ಟಿ ಚಪ್ಪಲಿಯ ಹುಡುಗಿ. ಮೊದಲ ದಿನವೇ ಮಾರ್ಫಿನ್ ಚೀಟಿಯ ಪಕ್ಕ ಒಂದು ಸಿರಪ್ಪಿನ ಸೀಸೆ ಇಟ್ಟು ಹೇಳಿದ್ದಳು: "ನೋವಿನ ಮಾತ್ರೆ ಕರುಳನ್ನೂ ಮಲಗಿಸಿಬಿಡುತ್ತೆ. ಮಲ ಕಲ್ಲಾಗುತ್ತೆ. ಅದಕ್ಕೇ ಇದನ್ನ ದಿನಾ ರಾತ್ರಿ ಕುಡೀಬೇಕು, ಸರಿಯಾಗಿ ಹೋಗ್ತಾ ಇದ್ರೂ ಕುಡೀಬೇಕು. ಅದು ಇದ್ದಷ್ಟು ದಿನ ಇದೂ ಇರಬೇಕು." ಹೆಂಡತಿ ತಲೆಯಾಡಿಸಿದಳು. ಆದರೆ ಭೇದಿ ಔಷಧ ಎಂದರೆ ಅವಳಿಗೆ ಮೊದಲಿಂದಲೂ ಭಯ. ಮೂಳೆ ಚಕ್ಕಳವಾಗಿರುವ ಗಂಡನಿಗೆ ಭೇದಿ ಬೇರೆ ಶುರುವಾದರೆ ಉಳಿದ ಜೀವವೂ ಹರಿದು ಹೋದೀತು ಎಂದುಕೊಂಡಳು. ಸೀಸೆ ಕಪಾಟಿನ ಮೇಲಿನ ಹಲಗೆ ಸೇರಿತು.

"ಇವತ್ತು ಹೋದ್ರಾ?" ಎಂದು ಅವಳು ದಿನಾ ಬೆಳಿಗ್ಗೆ ಬಾಗಿಲ ಹೊರಗಿಂದ ಕೇಳುತ್ತಿದ್ದಳು.

"ಹೋದೆ."

ಹೋಗಿರಲಿಲ್ಲ. ಮೂರನೆಯ ದಿನವೂ ಇಲ್ಲ, ಐದನೆಯ ದಿನವೂ ಇಲ್ಲ. ನಲವತ್ತು ವರ್ಷ ಊರಿನ ಮೋರಿಯನ್ನೆಲ್ಲ ಬಿಡಿಸಿದವನು ತನ್ನ ಹೊಟ್ಟೆಯ ವಿಷಯವನ್ನು ಕಟ್ಟಿಕೊಂಡ ಹೆಂಡತಿಗೆ ಹೇಳುವುದು ಹೇಗೆ? ಆರನೆಯ ದಿನ ನರ್ಸ್ ಬಂದು ಎದುರಿಗೇ ಕೂತು ಕೇಳಿದಳು: "ಮೋಷನ್ ಆಗಿ ಎಷ್ಟು ದಿನ ಆಯ್ತು, ಯಜಮಾನ್ರೇ?"

"ನಿನ್ನೆ ಆಯ್ತಲ್ಲ" ಎಂದ ಮೋರಿ ಡಾಕ್ಟರು.

ಆಡಿದ ಮೇಲೆ ಅವನಿಗೇ ಆ ಮಾತು ಎಲ್ಲೋ ಕೇಳಿದಂತಿತ್ತು. ನರ್ಸ್ ಪುಸ್ತಕದಲ್ಲಿ ಬರೆದುಕೊಂಡು ಹೋದಳು.

ಎಂಟನೆಯ ದಿನದ ಹೊತ್ತಿಗೆ ಹೊಟ್ಟೆ ಬಿಗಿದು ತಮಟೆಯಾಯಿತು. ಊಟ ಕಂಡರೆ ವಾಕರಿಕೆ. ಅವನು ಒಂದು ಗಂಟೆ, ಒಂದೂವರೆ ಗಂಟೆ ಕಕ್ಕಸಿನಲ್ಲಿ ಕೂತು ತಿಣುಕಿದ. ಕಣ್ಣ ಮುಂದೆ ಕತ್ತಲೆ ಬಂದು, ತಾನೇ ಜೋಡಿಸಿದ ಪೈಪಿಗೆ ಹಣೆಯಿಟ್ಟು ಸುಧಾರಿಸಿಕೊಂಡ. ಮೂಳೆಯ ನೋವಿಗೆ ಅವನು ಅತ್ತಿರಲಿಲ್ಲ, ಇದಕ್ಕೆ ಅತ್ತ. ಎಲ್ಲದಕ್ಕೂ ಆ ಮಾತ್ರೆಯೇ ಕಾರಣವೆಂದು ಗೊತ್ತಿತ್ತು. ಒಂಬತ್ತನೆಯ ದಿನದಿಂದ ಮಾರ್ಫಿನ್ ನುಂಗಿದಂತೆ ಮಾಡಿ, ಕೆನ್ನೆಯೊಳಗೆ ಒತ್ತಿಟ್ಟು, ಹೆಂಡತಿ ಅತ್ತ ಹೋದ ಮೇಲೆ ಉಗುಳಿ ಮಂಚದ ಕೆಳಗಿನ ವಾಷರ್ ಡಬ್ಬಿಯಲ್ಲಿ ಹಾಕತೊಡಗಿದ. ಹೊಟ್ಟೆ ಬಿಡಲಿಲ್ಲ. ಮೂಳೆಯ ನೋವು ಮಾತ್ರ ಬಡ್ಡಿ ಸಮೇತ ವಾಪಸು ಬಂತು. ಈಗ ಎರಡು ಕಡೆಯಿಂದಲೂ ಏಟು. ಕೂತರೆ ಸೊಂಟ, ಮಲಗಿದರೆ ಹೊಟ್ಟೆ. ದೇವರೇ, ಎರಡರಲ್ಲಿ ಒಂದನ್ನಾದರೂ ತೆಗೆದುಕೊಂಡು ಹೋಗು ಎಂದು ಗೋಡೆಗೆ ಹೇಳಿಕೊಂಡ. ಆಮೇಲೆ, ನನ್ನನ್ನೇ ತೆಗೆದುಕೊಂಡು ಹೋಗು ಎಂದ.

ಹತ್ತನೆಯ ದಿನ ಪಂಚೆ ಒದ್ದೆಯಾಯಿತು. ತೆಳ್ಳಗೆ ನೀರಿನಂಥದ್ದು, ತಡೆಯಲಾಗದೆ ತಾನಾಗಿ ಇಳಿಯುತ್ತಿತ್ತು. "ಅಯ್ಯೋ, ಭೇದಿ ಶುರುವಾಯ್ತಲ್ರೀ!" ಎಂದಳು ಹೆಂಡತಿ. ಸಿರಪ್ಪು ಕೊಡದೇ ಇದ್ದದ್ದು ಒಳ್ಳೆಯದಾಯಿತು ಎಂದುಕೊಂಡು ಮೆಡಿಕಲ್ ಶಾಪಿಗೆ ಓಡಿ ಭೇದಿ ನಿಲ್ಲುವ ಮಾತ್ರೆ ತಂದಳು. ಎರಡು ದಿನ, ದಿನಕ್ಕೆ ಮೂರರಂತೆ ಕೊಟ್ಟಳು. ಪಂಚೆ ಬದಲಿಸಿದಳು, ಒಗೆದಳು, ಮತ್ತೆ ಬದಲಿಸಿದಳು. ಅವನು ಅವಳ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡಿದ್ದ.

ಹನ್ನೆರಡನೆಯ ದಿನ ಬೆಳಿಗ್ಗೆ ಹೇಗೋ ಗೋಡೆ ಹಿಡಿದು ಒಳಗೆ ಹೋಗಿ ಚಿಲಕ ಹಾಕಿಕೊಂಡ. ಬೆವರು ಕಿತ್ತು ಬರುತ್ತಿತ್ತು. ತಿಣುಕಿದರೆ ಅದೇ ನಾಲ್ಕು ಹನಿ ನೀರು. ಆ ನಾಲ್ಕು ಹನಿಯನ್ನು ನೋಡುತ್ತಾ ಕೂತಿದ್ದವನಿಗೆ ಹಳೆಯ ಹಾಸ್ಟೆಲ್ಲೊಂದರ ಅಡುಗೆಮನೆ ಕಣ್ಣಿಗೆ ಕಟ್ಟಿತು. ಅಲ್ಲಿಯ ವಾರ್ಡನ್, "ಕಟ್ಟಿಕೊಂಡಿದ್ರೆ ನೀರು ಹೇಗಯ್ಯಾ ಹೋಗುತ್ತೆ? ನೋಡು, ಹೋಗ್ತಾನೇ ಇದೆ" ಎಂದು ವಾದಿಸಿದ್ದ. ಇವನು ನಕ್ಕು, "ಹೋಗ್ತಿಲ್ಲ ಸ್ವಾಮಿ, ಪಕ್ಕದಿಂದ ಸೋರ್ತಾ ಇದೆ. ತೆಳ್ಳಗೆ ಸೋರ್ತಿದೆ ಅಂದ್ರೆ ಒಳಗೆ ಕಲ್ಲಾಗಿದೆ ಅಂತ ಅರ್ಥ" ಎಂದಿದ್ದ.

ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಇದು ಭೇದಿಯಲ್ಲ. ಕಟ್ಟಿಕೊಂಡ ಪೈಪಿಗೆ ತಾವು ಎರಡು ದಿನದಿಂದ ಬಿರಡೆ ಹಾಕುತ್ತಿದ್ದೇವೆ.

"ಇವಳೇ" ಎಂದು ಒಳಗಿನಿಂದಲೇ ಕರೆದ. "ಹನ್ನೆರಡು ದಿನ ಆಯ್ತು."

"ಏನು ಹನ್ನೆರಡು ದಿನ?"

"ನಾನು ಹೋಗಿ."

"ದಿನಾ ಹೋದೆ ಅಂತಿದ್ರಲ್ರೀ!"

"ಸುಳ್ಳು. ಮಾತ್ರೆ ನುಂಗಿದ್ದೂ ಸುಳ್ಳು. ವಾಷರ್ ಡಬ್ಬಿ ನೋಡು."

ಹೊರಗೆ ಮಂಚದ ಕೆಳಗೆ ತಡಕಾಡಿದ ಸದ್ದು. ಆಮೇಲೆ ಡಬ್ಬಿಯ ಮುಚ್ಚಳ ತೆರೆದ ಸದ್ದು. ಆಮೇಲೆ ಅವಳು ಬಾಗಿಲಿಗೆ ದಬದಬ ಗುದ್ದಿ, "ಕಟ್ಟಿರೋ ಹೊಟ್ಟೆಗೆ ಕಟ್ಟೋ ಮಾತ್ರೆ ತಿನ್ನಿಸಿದ್ನಲ್ರೀ ನಾನು! ನನ್ನ ಕೈಯಾರೆ ತಿನ್ನಿಸಿದ್ನಲ್ಲಾ!" ಎಂದು ಗೋಳೋ ಎಂದು ಅತ್ತಳು. ಅಳುತ್ತಲೇ ನರ್ಸಿಗೆ ಫೋನು ಮಾಡಿದಳು.

ನರ್ಸ್ ಬಂದವಳು ಬೈಯಲಿಲ್ಲ. ಹೊಟ್ಟೆ ಒತ್ತಿ ನೋಡಿ, ಡಾಕ್ಟರಿಗೆ ಫೋನಿನಲ್ಲಿ ಎಲ್ಲ ಹೇಳಿ, ಅವರು ಹೇಳಿದಂತೆ ಮೊದಲು ಮಾರ್ಫಿನ್ ಕೊಟ್ಟಳು. ಅದು ಹಿಡಿಯುವವರೆಗೆ ಪಕ್ಕದಲ್ಲೇ ಕಾದಳು. ಆಮೇಲೆ ಗೋಡೆಯ ಕಡೆ ತಿರುಗಿಸಿ ಮಲಗಿಸಿ, ಮಂಚಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಪಕ್ಕಕ್ಕೆ ಬಕೆಟ್ಟಿಟ್ಟು, ಕೈಗೆ ಗ್ಲೌಸ್ ಹಾಕಿಕೊಂಡಳು.

"ಬೇಡಮ್ಮ" ಎಂದ ಅವನು. ಅವನ ದನಿ ಮಕ್ಕಳ ದನಿಯಂತಾಗಿತ್ತು. "ಈ ಗಲೀಜಿಗೆ ನೀನು ಕೈ ಹಾಕಬೇಡ."

"ಊರಿನವರ ಗಲೀಜಿಗೆಲ್ಲ ನೀವು ಕೈ ಹಾಕಿಲ್ವಾ? ಉಸಿರು ಬಿಡಿ, ನಿಧಾನ."

ಮುಕ್ಕಾಲು ಗಂಟೆ ಹಿಡಿಯಿತು. ಬೆರಳಿನಿಂದ ಚೂರು ಚೂರಾಗಿ ತೆಗೆದಳು, ನಡುವೆ ನಿಲ್ಲಿಸಿ ಬೆನ್ನು ಸವರಿದಳು, ಎನಿಮಾ ಕೊಟ್ಟಳು. ಜೀವ ಬಾಯಿಗೆ ಬಂದಂತಾಗಿ ಅವನು ದಿಂಬು ಕಚ್ಚಿದ. ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಕೆಟ್ಟಿನ ಕಡೆಯಿಂದ ಮುಖ ತಿರುಗಿಸದೆ ಕೂತಿದ್ದಳು. ಒಮ್ಮೆಲೇ ಹೊಟ್ಟೆ ಇಳಿಯಿತು. ಅವನಿಂದ ಹೊರಟ ನಿಟ್ಟುಸಿರಿಗೆ ಇಬ್ಬರು ಹೆಂಗಸರೂ ಅತ್ತರು.

ಎಲ್ಲ ಒರೆಸಿ, ಹೊಸ ಪಂಚೆ ಉಡಿಸಿದ ಮೇಲೆ ನರ್ಸ್ ಗ್ಲೌಸ್ ಕಳಚಿ, "ಕೈ ಎಲ್ಲಿ ತೊಳೀಲಿ, ಅಮ್ಮ?" ಎಂದಳು. ಹೆಂಡತಿ ರೂಢಿಯಂತೆ ಹೊರಗಿನ ನಲ್ಲಿಯ ಕಡೆ ಕೈ ತೋರಿಸಿದಳು.

"ಒಳಗೆ!" ಎಂದು ಅವನು ಮಲಗಿದ್ದಲ್ಲಿಂದಲೇ ಕೂಗಿದ. "ಅಡುಗೆಮನೇಗೆ ಕರ್ಕೊಂಡು ಹೋಗು. ಹೊಸ ಸೋಪು ಒಡಿ."

ಅವಳು ಕೈ ತೊಳೆದು ಬಂದು ಪುಸ್ತಕ ತೆರೆದಳು. ಅವನು ಚಾವಣಿ ನೋಡುತ್ತಾ ಕೇಳಿದ: "ನನಗೆ ಇನ್ನೆಷ್ಟು ದಿನ, ಮಗಳೇ?"

ಹೆಂಡತಿ, "ಬಿಡ್ತು ಅನ್ರೀ" ಎಂದಳು. ನರ್ಸ್ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

"ಸುಳ್ಳು ಹೇಳಬೇಡಮ್ಮ" ಎಂದ. "ನಾನು ಹೇಳಿ ನೋಡಿದ್ದೀನಿ."

"ಲೆಕ್ಕ ಹಾಕಿ ಹೇಳೋಕೆ ಯಾರಿಗೂ ಆಗಲ್ಲ" ಎಂದಳು ಅವಳು ತಡೆದು ತಡೆದು. "ಆದ್ರೆ ವರ್ಷ ಅಲ್ಲ, ಯಜಮಾನ್ರೇ. ಎರಡು ತಿಂಗಳು. ಇಲ್ಲಾಂದ್ರೆ ಮೂರು."

ಹೆಂಡತಿಯ ಕೈ ಅವನ ಕೂದಲಿನಲ್ಲಿ ನಿಂತು ಹೋಗಿತ್ತು. ಕಿಟಕಿಯಾಚೆ ಅಂಗಳದ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ವಾಷರ್ ಸವೆದಿದೆ, ಬದಲಿಸಬೇಕು ಎಂದು ಅವನು ಎಷ್ಟೋ ತಿಂಗಳಿಂದ ಅಂದುಕೊಂಡಿದ್ದ.

"ಇವಳೇ" ಎಂದ ಕೊನೆಗೆ. "ಕಪಾಟಿನ ಮೇಲಿರೋ ಆ ಸೀಸೆ ಇಳಿಸು."