ಮಾಸ್ಕ್ ಇಳಿಸಿ ಮಾತಾಡುವವರು

ಜೇವರ್ಗಿ ಹತ್ತಿರದ ನಮ್ಮ ಕಾರ್ಖಾನೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಅನಿಲದಿಂದ ಕ್ಲೋರಿನ್ ತೆಗೆಯುವ ಘಟಕವನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಆಪರೇಟರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ರಸಾಯನಶಾಸ್ತ್ರದ ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದ ನನಗೂ ಅವರು ಚಾಚಾನೇ. ಪೈಪನ್ನು ಬೆರಳ ಗೆಣ್ಣಿನಿಂದ ತಟ್ಟಿ, ತಲೆ ವಾರೆ ಮಾಡಿ ಆಲಿಸುವರು. ಯಾರಾದರೂ ಎದುರಾದರೆ ಸಾಕು, ಮಾಸ್ಕನ್ನು ಗದ್ದಕ್ಕಿಳಿಸಿ, "ಬರ್ರಿ, ನಾಷ್ಟಾ ಆತೇನ್ರಿ?" ಎನ್ನುವರು.

"ಚಾಚಾ, ಕಂಪನಿಯವ್ರು ಮಾಸ್ಕ್ ಮೂಗಿಗೆ ಕೊಟ್ಟಾರೋ ಗದ್ದಕ್ಕೋ?" ಎಂದು ಫಿಟ್ಟರುಗಳು ಕಾಡುತ್ತಿದ್ದರು.

"ಮುಖ ಮುಚ್ಕೊಂಡು ಮಾತಾಡಾಕ ನಾ ಏನ್ ಕಳ್ಳ ಏನ್ರಿ?" ಪ್ರತಿ ಸಲವೂ ಇದೇ ಉತ್ತರ.

ಆ ಮಧ್ಯಾಹ್ನ ಪೈಪಿನ ಜೋಡಣೆಯೊಂದು ಬಿಟ್ಟಿತು. ಹಳದಿ ಹಸಿರು ಬಣ್ಣದ ಹೊಗೆ ನೆಲ ಹಿಡಿದು ಹರಡಿತು. ಕ್ಲೋರಿನ್ ಗಾಳಿಗಿಂತ ಭಾರ, ಸೋರಿದರೆ ಎತ್ತರಕ್ಕೆ ಹತ್ತಬೇಕು ಎಂದು ಕಲಿತಿದ್ದ ನಾನೇ ಹೆದರಿ, ಮಾಸ್ಕ್ ಹಾಕಿಕೊಂಡು, ಗೇಟಿರುವ ತಗ್ಗಿನ ಕಡೆಗೆ ಓಡತೊಡಗಿದೆ. ಹೊಗೆಯ ಅಂಚಿನಲ್ಲಿದ್ದ ಚಾಚಾ ಅದನ್ನು ಕಂಡು, ಕೈಯೆತ್ತಿ ಮೇಲಿನ ಅಂತಸ್ತಿನ ಮೆಟ್ಟಿಲು ತೋರಿಸಿದರು. ನಾನು ಅತ್ತ ತಿರುಗಿದೆ. ಅಷ್ಟರಲ್ಲಿ ಅವರು ಮಾಸ್ಕ್ ಇಳಿಸಿದ್ದರು.

"ಬೇಟಾ, ಮ್ಯಾಲ ಏರು. ಕೆಳಗ ಇಳೀಬ್ಯಾಡ."

ಮಾತು ಮುಗಿಯುವುದರೊಳಗೆ ಕೆಮ್ಮು ಅವರನ್ನು ನೆಲಕ್ಕೆ ಕೆಡವಿತು.

ಚಾಚಾ ಬದುಕಿದರು, ಆದರೆ ಕೆಲಸಕ್ಕೆ ಮರಳಲಿಲ್ಲ. ಮನೆಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಅರ್ಧ ಮಾತಿಗೇ ಉಸಿರು ಸಾಲುವುದಿಲ್ಲ. ನಾನು ಹೋದಾಗಲೆಲ್ಲ, ನಿನಗೇನೂ ಆಗಲಿಲ್ಲವಲ್ಲ ಎಂಬಂತೆ ನಗುತ್ತಾರೆ. ಅವರಿಗೆ ಇನ್ನೂ ಹೇಳಲಾಗಿಲ್ಲ: ಅವರ ಕೈ ಕಂಡಾಗಲೇ ನನಗೆ ಎಲ್ಲ ತಿಳಿದಿತ್ತು. ಆ ಮಾತು ಬೇಕಿರಲಿಲ್ಲ.