ತವರದಲ್ಲಿ ಹುಡುಕುವವಳು

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಬೆಳಗಿನ ಇಡ್ಲಿ ತಿನ್ನುತ್ತಿದ್ದೆ. ನನ್ನ ಟೇಬಲ್ಲಿಗೇ ಬಂದು ಕೂತ, ದಿನವೂ ಅಲ್ಲಿಗೆ ಬರುವ ಸುಪ್ರಿಯಾ ದಹಿಸರಿನಲ್ಲಿ ಹುಟ್ಟಿ ಬೆಳೆದ ವಿಜ್ಞಾನಿ. ಚಹಾ ಆರುತ್ತಿದ್ದರೂ ಅವಳ ಕಣ್ಣು ಫೋನಿನ ಮೇಲೇ.

ಗಲ್ಲಾದಲ್ಲಿದ್ದ ಶೆಟ್ಟರು ಕೇಳಿದರು, “ಎಂಥ ಮಗಾ, ಅಷ್ಟು ಹುಡುಕೂದು?”

“ತವರದಲ್ಲಿ ಹುಡುಕ್ತಾ ಇದ್ದೇನೆ ಅಂಕಲ್, ದೋ ಸಾಲ್ ಸೆ, ಎರಡು ವರ್ಷ ಆಯ್ತು.”

“ತವರಲ್ಲೇ ಹುಡುಗ ಸಿಗೂದುಂಟಾ ಮಾರಾಯ್ತಿ? ಮಂಗಳೂರಲ್ಲಿ ನಾನು ನೋಡ್ತೇನೆ!”

“ಅರೇ, ಹುಡುಗ ಅಲ್ಲ! ತವರ, ತವರ! ಪಾತ್ರೆಗೆ ಕಲಾಯಿ ಹಾಕ್ತಾರಲ್ಲ, ಅದು. ಅಜ್ಜಿ ಹೇಳಿಕೊಟ್ಟ ಶಬ್ದ.”

ನಕ್ಕು ಮುಗಿದ ಮೇಲೆ ಅವಳೇ ಬಿಡಿಸಿ ಹೇಳಿದಳು. ತವರದ ಪರಮಾಣು ಬೀಜವೊಂದು ನ್ಯೂಟ್ರಿನೊಗಳೆಂಬ ಅತಿಸೂಕ್ಷ್ಮ ಕಣಗಳನ್ನು ಬಿಡದೆ ಬರೀ ಎರಡು ಎಲೆಕ್ಟ್ರಾನ್ ಉಗುಳಿದ್ದು ಕಂಡರೆ, ನ್ಯೂಟ್ರಿನೊ ಮತ್ತು ಅದರ ಪ್ರತಿಕಣ ಎರಡೂ ಒಂದೇ ಎಂದು ತಿಳಿಯುತ್ತದಂತೆ. ಆದರೆ ಅದಕ್ಕೂ ಮೊದಲು, ಅತಿಶೀತದಲ್ಲಿಟ್ಟ ತವರದ ತುಂಡು ಒಂದೇ ಒಂದು ಕಣ ತಾಗಿದ ಬಿಸಿಯನ್ನು ಸರಿಯಾಗಿ ತೋರಿಸಬೇಕು. ಮೂರು ಪರೀಕ್ಷೆಗಳಲ್ಲಿ ತೋರಿಸಿರಲಿಲ್ಲ. ಇವತ್ತು ನಡೆಯುತ್ತಿರುವ ನಾಲ್ಕನೆಯದೂ ಕೈಕೊಟ್ಟರೆ ಪ್ರಯೋಗವೇ ನಿಲ್ಲುತ್ತದೆ.

ಫೋನು ಗುಣುಗಿತು. ಪ್ರಯೋಗಾಲಯದ ಜೊತೆಯವರು ಕಳಿಸಿದ ಚಿತ್ರದಲ್ಲಿ ತವರದ ಬಿಸಿ ತೋರಿಸುವ ಚಪ್ಪಟೆ ಗೆರೆಯೊಂದು ನಡುವೆ ಚೂಪಾಗಿ ಎದ್ದು ನಿಂತಿತ್ತು. ಸುಪ್ರಿಯಾ ಎದ್ದ ರಭಸಕ್ಕೆ ಕುರ್ಚಿಯೇ ಬಿತ್ತು.

“ತೋರಿಸ್ತು ಅಂಕಲ್! ತೋರಿಸ್ತು!”

“ಸಿಕ್ಕಿತಾ ಹಾಗಾದ್ರೆ, ನೀನು ಹುಡುಕಿದ್ದು?”

“ಇಲ್ಲ, ಅದಕ್ಕೆ ಇನ್ನೂ ವರ್ಷಗಟ್ಟಲೆ ಕಾಯ್ಬೇಕು. ಆದ್ರೆ ಈಗ ಕಾಯ್ಲಿಕ್ಕೆ ಶುರು ಮಾಡ್ಬಹುದು!”

ಶೆಟ್ಟರು ಅಡುಗೆಮನೆಯತ್ತ ತಿರುಗಿ ಕೂಗಿದರು, “ಎಲ್ಲ ಟೇಬಲ್ಲಿಗೂ ಶೀರಾ ಕೊಡಿ!”