ಪ್ಲಾಸ್ಟಿಕ್ ಚಮಚದ ಸುಮಿತ್ರಾ

ಕ್ಯಾನ್ಸರ್ ಬಂದಾಗ ಬರದಿದ್ದ ಅಳು ಸುಮಿತ್ರಾಳಿಗೆ ಬಂದದ್ದು ಅದು ವಾಸಿಯಾದ ಐದನೇ ವರ್ಷ, ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಬ್ಯಾಂಕಿನ ವಲಯ ಕಚೇರಿಯ ಮೆಟ್ಟಿಲ ಮೇಲೆ. ಕೈಯಲ್ಲಿ ವಿಜಯವಾಡಕ್ಕೆ ವರ್ಗಾವಣೆಯ ಆದೇಶ. ಅದಕ್ಕೆ ಪಿನ್ನು ಹೊಡೆದು ಜೊತೆಗಿಟ್ಟಿದ್ದು ಅವಳೇ ಬರೆದ ಲೇಖನದ ಜೆರಾಕ್ಸು.

ತಪ್ಪು ಅವಳದೇ. ಬ್ಯಾಂಕಿನ ಒಳಪತ್ರಿಕೆಯವರು ಮಹಿಳಾ ದಿನಕ್ಕೆಂದು ಕೇಳಿದಾಗ ತನ್ನ ಕಥೆಯನ್ನು ಎರಡು ಪುಟ ಬರೆದುಕೊಟ್ಟಿದ್ದಳು. ಒಂದು ಸ್ತನ ಹೋದದ್ದು, ಕೂದಲು ಹೋಗಿ ಬಂದದ್ದು, ಕೊನೆಗೆ ಸಿಂಹಾಚಲಂ ಬೆಟ್ಟದ ಮೆಟ್ಟಿಲು ಒಂದನ್ನೂ ಬಿಡದೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು ತೆಗೆಸಿಕೊಂಡ ಫೋಟೋ. ಅನಾರೋಗ್ಯದ ಕಾರಣಕ್ಕೆ ಐದು ವರ್ಷ ಅವಳನ್ನು ವಿಶಾಖಪಟ್ಟಣದಲ್ಲೇ ಬಿಟ್ಟಿದ್ದ ಬ್ಯಾಂಕು ಈಗ ಕಣ್ಣು ಬಿಟ್ಟಿತು. ಯಾರೂ ಓದದ ಆ ಪತ್ರಿಕೆಯನ್ನು ಓದುವ ಟೇಬಲು ಇಡೀ ಕಚೇರಿಯಲ್ಲಿ ಒಂದೇ ಇತ್ತು, ಅದು ವರ್ಗಾವಣೆಯ ಟೇಬಲು. ಆರೋಗ್ಯವೇ ಅವಳ ಮೇಲಿನ ಆರೋಪವಾಯಿತು.

"ಇದನ್ನು ಬರೀಲಿಕ್ಕೆ ನಿಮಗೆ ಯಾರು ಹೇಳಿದ್ದು ಮಾರಾಯ್ರೆ?" ಆ ಟೇಬಲಿನ ಗುರುದತ್, ಉಡುಪಿ ಕಡೆಯವನು, ದನಿ ತಗ್ಗಿಸಿದ. "ಈಗೊಂದು ಅರ್ಜಿ ಕೊಡಿ. ಇನ್ನೂ ಹುಷಾರಿಲ್ಲ, ಚಿಕಿತ್ಸೆ ನಡೀತಾ ಉಂಟು ಅಂತ ಒಂದೇ ಸಾಲು. ಉಳಿದದ್ದು ನಾನು ನೋಡಿಕೊಳ್ತೇನೆ."

"ಹುಷಾರಾಗಿದ್ದೀನಲ್ರೀ!"

"ಅದೇ ತೊಂದರೆ ಆಗಿದ್ದು ಮೇಡಂ."

ಆ ಒಂದು ಸಾಲು ಅವಳ ಪೆನ್ನಿನಿಂದ ಇಳಿಯಲಿಲ್ಲ. ಐದು ವರ್ಷ ಅವಳು ಹೋರಾಡಿದ್ದು ಕಾಯಿಲೆಗಿಂತ ಹೆಚ್ಚಾಗಿ 'ಪಾಪ' ಎಂಬ ಎರಡಕ್ಷರದ ಜೊತೆಗೆ. ಈಗ ತಾನೇ ಅದನ್ನು ಬರೆದು ಸಹಿ ಹಾಕುವುದೇ?

ಹಾಗೆಂದು ಊರು ಬಿಡುವುದೂ ಸುಲಭವಿರಲಿಲ್ಲ. ಎಂವಿಪಿ ಕಾಲೋನಿಯ ಮನೆಯಿಂದ ಆಸ್ಪತ್ರೆಗೆ ಹೋಗಿ, ಕೀಮೋ ಹಾಕಿಸಿಕೊಳ್ಳುವವರ ಪಕ್ಕ ಕೂರುವುದು ಅವಳು ತನಗೆ ತಾನೇ ಕೊಟ್ಟುಕೊಂಡ ಡ್ಯೂಟಿ. ರಜೆಯಲ್ಲಿ ಅರ್ಧ ಅದಕ್ಕೇ ಹೋಗುತ್ತಿತ್ತು. 'ಧೈರ್ಯವಾಗಿರಿ' ಎಂದು ಯಾರಿಗೂ ಹೇಳುತ್ತಿರಲಿಲ್ಲ. ಸಾಂತ್ವನಕ್ಕಿಂತ ಸಾಂಬಾರು ವಾಸಿ ಎಂಬ ಪಂಥದವಳು. ಕೀಮೋ ಆದ ಮೇಲೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಾಗಿ, ಸ್ಟೀಲ್ ಚಮಚ ಕಂಡರೇ ಊಟ ಬೇಡವಾಗುತ್ತದೆ. ಅದಕ್ಕೇ ಪಾರ್ಸೆಲ್ ಜೊತೆ ಬಂದ ಪ್ಲಾಸ್ಟಿಕ್ ಚಮಚಗಳನ್ನು ತೊಳೆದು ಕೂಡಿಟ್ಟು ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಿದ್ದಳು.

ಈಗ ಅವಳ ಪಾಲಿಗಿದ್ದವರು ಅರಸೀಕೆರೆ ಕಡೆಯ ರಾಜಮ್ಮ. ಅವರಿಗೂ ಒಂದು ಸ್ತನ ತೆಗೆದಾಗಿತ್ತು. ಮಗ ನೌಕಾಪಡೆಯಲ್ಲಿ, ಹಡಗಿನ ಮೇಲೆ. ಸೊಸೆ ವರ್ಷಾಳ ಕಂಕುಳಲ್ಲಿ ಎಂಟು ತಿಂಗಳ ಕೂಸು. ಕೂಸನ್ನು ವಾರ್ಡಿನೊಳಗೆ ಬಿಡುವುದಿಲ್ಲ. ರಾಜಮ್ಮನಿಗೆ ತೆಲುಗಿನ ಗಂಧವಿಲ್ಲ. ಇಪ್ಪತ್ತೊಂದು ದಿನಕ್ಕೊಂದರಂತೆ ಆರು ಕೀಮೋ. ನಾಲ್ಕನ್ನು ಸುಮಿತ್ರಾಳ ಕೈ ಹಿಡಿದು ಮುಗಿಸಿದ್ದರು. ಸುಮಿತ್ರಾ ವರ್ಗಾವಣೆಯ ಸುದ್ದಿ ಹೇಳಿದಳು.

"ನೀ ಬಂದ್ರೆ ನಾ ಬತ್ತೀನಿ ಕಣವ್ವ. ಇಲ್ದಿದ್ರೆ ನನ್ನ ಊರಿಗ್ ಕಳ್ಸಿಬಿಡಿ."

"ವರ್ಷಾ ಗೇಟ್ ತನಕ ಬರ್ತಾಳೆ, ಒಳಗೆ ನರ್ಸ್ ಇರ್ತಾರೆ ರಾಜಮ್ಮನೋರೆ."

"ಆ ನರ್ಸಮ್ಮ ಏನ್ ಕೇಳ್ತಾಳೋ, ನಾ ಏನ್ ತಲೆ ಆಡಿಸ್ತೀನೋ! ಇನ್ನೊಂದನ್ನೂ ಕುಯ್ದ್ ಆಕಿದ್ರೆ?"

ರಾಜಮ್ಮ ಹೇಳಿದಂತೆಯೇ ಮಾಡಿದರು. ಸುಮಿತ್ರಾ ವಿಜಯವಾಡಕ್ಕೆ ಹೋದ ಮೂರನೇ ವಾರ ವರ್ಷಾಳ ಫೋನು. "ಆಂಟಿ, ಅತ್ತೆ ಆಸ್ಪತ್ರೆ ಗೇಟಲ್ಲಿ ಆಟೋದಿಂದ ಇಳೀಲೇ ಇಲ್ಲ. ಡಾಕ್ಟರ್ ತುಂಬಾ ಬೈದ್ರು. ಶುಕ್ರವಾರ ಕೊನೇ ಛಾನ್ಸ್ ಅಂದಿದ್ದಾರೆ, ಇನ್ನೂ ತಡ ಮಾಡಿದ್ರೆ ಇಲ್ಲೀವರೆಗೆ ಮಾಡಿದ್ದೂ ದಂಡ ಅಂತೆ."

ಸುಮಿತ್ರಾ ಫೋನಿಟ್ಟು ಮೊದಲು ರಾಜಮ್ಮನನ್ನು ಬೈದಳು, ಆಮೇಲೆ ಬ್ಯಾಂಕನ್ನು, ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತ ಆ ಫೋಟೋದ ಹೆಂಗಸನ್ನು. ತನ್ನ ಜಂಬ ಒಬ್ಬ ಮುದುಕಿಯ ಜೀವಕ್ಕೆ ಬಂತಲ್ಲ! ಶುಕ್ರವಾರ ಬೆಳಿಗ್ಗೆ ರೈಲು ಹತ್ತಿ, ತೊಡೆಯ ಮೇಲೆ ಹಾಳೆಯಿಟ್ಟು ಗುರುದತ್ ಹೇಳಿದ ಸಾಲನ್ನು ಬರೆದೇಬಿಟ್ಟಳು. 'ನಾನು ಇನ್ನೂ ಗುಣಮುಖಳಾಗಿಲ್ಲ.' ಎರಡನೇ ಸಲ ಓದದೆ ಮಡಚಿ ಚೀಲಕ್ಕೆ ಹಾಕಿದಳು.

ಹನ್ನೆರಡಕ್ಕೆ ಮುಟ್ಟಬೇಕಾದ ರೈಲು ವಿಶಾಖಪಟ್ಟಣದ ಹೊರಗೆ, ದುವ್ವಾಡದಲ್ಲಿ ಹಟ ಹಿಡಿದು ನಿಂತಿತು. ವರ್ಷಾ ಫೋನು ಎತ್ತಲಿಲ್ಲ. ಸುಮಿತ್ರಾ ಆಸ್ಪತ್ರೆಗೆ ಓಡಿ ಬರುವಾಗ ಒಂದೂವರೆ. ಗೇಟಿನಲ್ಲಿ ಆಟೋ ಇಲ್ಲ, ರಾಜಮ್ಮ ಇಲ್ಲ. ಮುಗಿಯಿತು ಎಂದುಕೊಂಡು ವಾರ್ಡಿಗೆ ನುಗ್ಗಿದಳು.

ಕಿಟಕಿ ಪಕ್ಕದ ಕುರ್ಚಿಯಲ್ಲಿ ರಾಜಮ್ಮ ಕೂತಿದ್ದರು. ಕೈಗೆ ಸೂಜಿ, ತಲೆಯ ಮೇಲೆ ಬಾಟಲಿ. ಪಕ್ಕದ ಕುರ್ಚಿಯ ತೆಲುಗು ಹೆಂಗಸಿಗೆ ಅಚ್ಚ ಅರಸೀಕೆರೆ ಕನ್ನಡದಲ್ಲಿ ಪಾಠ ನಡೆದಿತ್ತು. ಆ ಹೆಂಗಸು ಮೂಗು ಒರೆಸಿಕೊಳ್ಳುತ್ತ ತಲೆಯಾಡಿಸುತ್ತಿದ್ದಳು. ಅವಳ ಕೈಯಲ್ಲಿ ರಾಜಮ್ಮನ ಪ್ಲಾಸ್ಟಿಕ್ ಚಮಚ.

"ಇವ್ಳು ದುರ್ಗಾಂಬ. ಇವತ್ತೇ ಮೊದ್ಲು. ಗೇಟತ್ರ ಅಳ್ತಾ ನಿಂತಿದ್ಲು, ನಂಗಿಂತ ಎದ್ರುಕೊಂಡಿದ್ಲು ಕಣವ್ವ. ಕೂಸ್ ಅಳ್ತಿತ್ತು, ವರ್ಷನ್ನ ಮನೆಗ್ ಕಳ್ಸಿ ಇವ್ಳ ಕೈ ಇಡ್ಕೊಂಡ್ ಬಂದ್‌ಬಿಟ್ಟೆ."

ಸುಮಿತ್ರಾಳಿಗೆ ಸಮಾಧಾನವಾಗಬೇಕಿತ್ತು. ಆದದ್ದು ಸಿಟ್ಟು. "ಹಾಗಾದ್ರೆ ನಾನು ಯಾಕ್ರೀ ಬಂದೆ, ಇಷ್ಟು ಗಂಟೆ ರೈಲಲ್ಲಿ ಕೂತು?"

"ಬಂದಿದ್ ಒಳ್ಳೇದಾಯ್ತು. ಚಮಚ ಯಾಕೆ ಅಂತ ಇವ್ಳಿಗೆ ಗೊತ್ತಾಗ್ಲಿಲ್ಲ. ತೆಲುಗಲ್ಲಿ ಯೋಳು."

ಹೇಳಿದಳು. ಯಾವ ದಿನ ಸುಸ್ತು, ಯಾವ ದಿನ ವಾಂತಿ, ಯಾವಾಗ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು, ಎಲ್ಲವನ್ನೂ. ದುರ್ಗಾಂಬ ಬರೆದುಕೊಡಿ ಎಂದಾಗ ಚೀಲದಲ್ಲಿದ್ದದ್ದು ಒಂದೇ ಹಾಳೆ. ಸುಮಿತ್ರಾ ಅರ್ಜಿಯನ್ನು ಮಗುಚಿ, ಬೆನ್ನಿಗೆ ಬರೆದು, ಮುಂಬದಿಯ ಸಾಲನ್ನು ಕಾಟು ಹೊಡೆದು ಕೊಟ್ಟಳು.

"ಆರನೇದಕ್ಕೆ ನೀ ಬರೋದ್ ಬ್ಯಾಡ," ಎಂದರು ರಾಜಮ್ಮ. "ಇವ್ಳ ಎರಡನೇದೂ ಅವತ್ತೇ. ನಿನ್ನ ಇಜಯವಾಡದಲ್ಲಿ ಈ ಕಾಯ್ಲೆಯೋರು ಯಾರೂ ಇಲ್ವಾ?"

ಮೂರು ವಾರದಲ್ಲಿ ಅವಳು ಅಲ್ಲಿ ಮಾಡಿದ್ದು ಬಿಸಿಲಿಗೆ ಬೈದದ್ದು ಮಾತ್ರ. ಆಸ್ಪತ್ರೆ ಎಲ್ಲಿದೆಯೆಂದೂ ವಿಚಾರಿಸಿರಲಿಲ್ಲ. ಚೀಲ ಹೆಗಲಿಗೇರಿಸಿ ಎದ್ದಳು.

ವಾಪಸ್ ರೈಲಿಗೆ ಮುನ್ನ ಸ್ಟೇಷನ್ ಎದುರಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಚಮಚ ಕೇಳಿದಳು.

"ಪ್ಲಾಸ್ಟಿಕ್ ಲೇದಂಡಿ, ಬ್ಯಾನು," ಎಂದ ಅಂಗಡಿಯವನು. ಮರದ್ದಿದೆಯಂತೆ, ಬಿಡಿ ಕೊಡುವುದಿಲ್ಲವಂತೆ, ನೂರರ ಕಟ್ಟಂತೆ.

"ನೂರು ತಗೊಂಡು ಏನು ಅಂಗಡಿ ಇಡಲಾ?" ಎಂದು ಸುಮಿತ್ರಾ ಕನ್ನಡದಲ್ಲೇ ಗೊಣಗಿದಳು. ಕಟ್ಟನ್ನು ತೆಗೆದುಕೊಂಡು ಚೀಲಕ್ಕೆ ತುರುಕಿದಳು. ಜಿಪ್ಪು ಹಾಕಲು ಬರಲಿಲ್ಲ.